ಒಂದಾದ ಮೇಲೆ ಹತ್ತು

ಯೆಣೆಗೂರಿನ ನಾಗಣ್ಣನ ಮನೆಯಲ್ಲಿ ರೊಟ್ಟಿಯ ಜೊತೆ ಜಗಳ ಬಡಿಸದ ದಿನವೇ ಇರಲಿಲ್ಲ. ಆ ದಿನದ ಜಗಳ ಜೀಪಿನ ಹೊಸ ಟೇಪಿನದು. ಅದರಲ್ಲಿ ಕ್ಯಾಸೆಟ್ಟೂ ಇಲ್ಲ, ರೀಲೂ ಇಲ್ಲ. ಪೆನ್‌ಡ್ರೈವ್ ಸಿಕ್ಕಿಸಿದರೆ ಹಾಡುಗಳನ್ನೆಲ್ಲ ತನ್ನ ಹೊಟ್ಟೆಗೆ ಇಳಿಸಿಕೊಂಡು ಇಟ್ಟುಕೊಳ್ಳುವ ಪೆಟ್ಟಿಗೆ ಅದು. ಆದರೂ ಜನ ಅದನ್ನು ಟೇಪು ಎಂದೇ ಕರೆಯುತ್ತಾರೆ. ನಾಗಣ್ಣನ ಒಬ್ಬನೇ ಮಗ ಧನರಾಜ, ಉಮರ್ಗಾದಿಂದ ಮುರುಮಕ್ಕೆ ಜನರನ್ನು ತುಂಬಿಕೊಂಡು ಜೀಪು ಓಡಿಸುವವನು, ಉಮರ್ಗಾದ ಅಂಗಡಿಯಲ್ಲಿ ಅದನ್ನು ಕೂಡಿಸಿಕೊಂಡು ಬಂದಿದ್ದ. ಮನೆಯ ಮುಂದೆ ನಿಲ್ಲಿಸಿ ಜೋರಾಗಿ ಹಚ್ಚಿಯೂ ತೋರಿಸಿದ್ದ.

ನಾಗಣ್ಣ ಊಟದ ತಾಟು ಸರಿಸಿದ.

“ನನ್ನ ಕುರಿ ಮಾರಿ ತಂದ ಗಾಡಿ ಅದು. ಊರ ಮಂದಿ ಕುಣಿಯೂ ಹಾಡೆಲ್ಲಾ ಅದ್ರಾಗ ಅವ. ನಮ್ಮ ಬೀರಪ್ಪಗ ಜಾಗ ಇಲ್ಲೇನು?”

“ಪ್ಯಾಸೆಂಜರ್ ಕೇಳೂ ಹಾಡು ಹಾಕಬೇಕಾಗ್ತದಪ್ಪಾ.”

“ಪ್ಯಾಸೆಂಜರ್ ಕುಂತದ್ದು ನನ್ನ ಕುರಿ ಬೆನ್ನ ಮ್ಯಾಲ. ಹೇಳು ಅವರಿಗಿ.”

ಕುರಿಯ ಈ ಮಾತನ್ನು ಧನರಾಜ ಜೀಪು ಕೊಂಡ ದಿನದಿಂದ ಕೇಳುತ್ತ ಬಂದಿದ್ದ. ಒಮ್ಮೆ ಯೆಣೆಗೂರಿನ ಸ್ಟ್ಯಾಂಡಿನಲ್ಲಿ ಜೀಪು ತುಂಬಿ ಹೊರಡುವ ಹೊತ್ತಿಗೆ ಮುದುಕ ಬಂದು, ಅಮಾವಾಸ್ಯೆಯ ದಿನ ಗಾಡಿಗೆ ದೇವರ ಅರಿಶಿನ ಹಚ್ಚಲಿಲ್ಲವೆಂದು ಎಲ್ಲರೆದುರು ಕೆನ್ನೆಗೆ ಬಾರಿಸಿದ್ದ. ನಲವತ್ತು ದಾಟಿದ ಗಂಡಸು ಆ ಪೆಟ್ಟು ತಿಂದು ಮುರುಮದವರೆಗೆ ಸುಮ್ಮನೆ ಜೀಪು ಓಡಿಸಿದ. ಹಿಂದೆ ಕೂತವರು ನಗದೆ ಇರಲು ಬಹಳ ಕಷ್ಟಪಟ್ಟರು.

ನಾಗಣ್ಣನಿಗೆ ಇಷ್ಟು ಸೊಕ್ಕು ಇದ್ದುದಕ್ಕೆ ಕಾರಣ ಒಂದು ಕರಿಕಂಬಳಿ. ಬೀರಪ್ಪನ ಹಾಡಿನ ಮೇಳಕ್ಕೆ ಅವನೇ ಮುಂದಾಳು. ದೀಪಾವಳಿಯ ಅಮಾವಾಸ್ಯೆಗೆ ಗುಡಿಯ ಮುಂದೆ ದೇವರ ಕಥೆಯನ್ನು ಹುಟ್ಟಿನಿಂದ ಮಂಗಳದವರೆಗೆ ಹನ್ನೆರಡು ಸಂಧಿಗಳಲ್ಲಿ ಹಾಡಬೇಕು. ಮುಂದೆ ನಿಂತು ಹಾಡುವವನ ಹೆಗಲ ಮೇಲೆ ದೇವರ ಕಂಬಳಿ ಇರುತ್ತದೆ. ಸಂಧಿ ಹಿಂದುಮುಂದಾದರೆ ಕಂಬಳಿ ಇಳಿಸಿ ಬೇರೊಬ್ಬನಿಗೆ ಹೊದಿಸಬೇಕು, ತಪ್ಪಿದವನು ಮತ್ತೆ ಆ ಹಾಡಿಗೆ ಬಾಯಿ ತೆರೆಯಬಾರದು. ಇದು ಹಿಂದಿನವರು ಮಾಡಿಟ್ಟ ಕಟ್ಟಳೆ. ಕುರಿ ಹೋದವು, ಹೊಲ ಮಗನ ಕೈಗೆ ಹೋಯಿತು. ಕಂಬಳಿ ಇರುವವರೆಗೆ ಮಾತ್ರ ನಾಗಣ್ಣನ ಮಾತಿಗೆ ಊರಲ್ಲೂ ಮನೆಯಲ್ಲೂ ಕಿಮ್ಮತ್ತು, ಅದು ಅವನಿಗೂ ಗೊತ್ತಿತ್ತು.

“ನಾ ಹಾಡ್ತೀನಿ, ಅದನ್ನ ಆ ಟೇಪಿನಾಗ ಹಾಕ್ರಿ,” ಎಂದ. “ನಿನ್ನ ಹೆಂಡ್ತಿ ಬಾರಾವಿ ಸಾಲಿ ತನಕ ಕಲ್ತಾಳ ಅಂತಾರಲ್ಲ. ಫೋನ್ ಹಿಡ್ಕೊಂಡು ಕೂಡ್ಲಿ. ಆಕಿ ಮಾಡೂ ರೊಟ್ಟಿಗಿಂತ ಅದರೆ ಚಲೋ ಆಗ್ತದೇನೋ ನೋಡಾಮು.”

ಧನರಾಜನ ಹೆಂಡತಿ ಶೀತಲ ಒಲೆಯ ಮುಂದೆ ಕೂತು ಕೇಳಿಸಿಕೊಂಡಳು. ಅವಳು ನಿಲಂಗಾದವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಅವಳ ಕನ್ನಡ, ಅವಳ ನಡಿಗೆ, ಅವಳು ಹಾಕುವ ಎಣ್ಣೆ, ಯಾವುದೂ ಮಾವನಿಗೆ ಸರಿಬಂದಿರಲಿಲ್ಲ. ಒಮ್ಮೆ ಅವಳ ಅಪ್ಪ ಬಂದು ಉಣ್ಣಲು ಕೂತಾಗ, “ನಿನ್ನ ಮಗಳ ಕೈ ರೊಟ್ಟಿ ಕುರಿ ಕಾಯೂ ನಾಯಿನೂ ಮೂಸಂಗಿಲ್ಲ,” ಎಂದಿದ್ದ. ಅಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನೆಲ್ಲ ತಿಂದು, ನೀರು ಕುಡಿದು ಎದ್ದು ಹೋದ. ಆಮೇಲೆ ಆ ಮನೆಗೆ ಕಾಲಿಡಲಿಲ್ಲ.

ಮಧ್ಯಾಹ್ನದ ಹೊತ್ತು ಶೀತಲ ತೊಗರಿಬೇಳೆಯ ಕಲ್ಲು ಆರಿಸುವಾಗ ಮುದುಕ ಹೊರಸಿನ ಮೇಲೆ ಕೂತು ದಿನಕ್ಕೊಂದು ಸಂಧಿ ಫೋನಿಗೆ ಹಾಡುತ್ತಿದ್ದ. ಗುಡಿಯಲ್ಲಿ ಡೊಳ್ಳು, ಹಿಂದಿನವರ ಧ್ವನಿ ಸೇರಿ ಒಂದೊಂದು ಸಂಧಿಯೂ ಬಹಳ ಹೊತ್ತು ನಡೆಯುತ್ತದೆ. ಇಲ್ಲಿ ಬರಿಗಂಟಲು, ಬೇಗ ಮುಗಿಯುತ್ತಿತ್ತು. ಅವಳು ಕೆಮ್ಮಬಾರದು, ಏಳಬಾರದು, ಒಲೆಯ ಮೇಲಿನ ಬೇಳೆ ಉಕ್ಕಿದರೂ ಅಲ್ಲಾಡಬಾರದು. ಬೇಳೆ ಉಕ್ಕಿ ಒಲೆ ಆರಿದ್ದಕ್ಕೆ ಸಂಜೆ ಬೈಗುಳ ಬೇರೆ. ಆದರೆ ಧ್ವನಿ ಮಾತ್ರ ಸುಳ್ಳಲ್ಲ. ತೊಟ್ಟಿಲಿನ ಸಂಧಿ ಹಾಡಿದ ದಿನ ಶೀತಲ ಕೈಯಲ್ಲಿದ್ದ ಮೊರ ಮರೆತು ಕೇಳಿದಳು. ಇಷ್ಟು ಕೆಟ್ಟ ಬಾಯಿಯೊಳಗೆ ಇಷ್ಟು ಒಳ್ಳೆಯ ಹಾಡು ಎಲ್ಲಿತ್ತೋ ಎಂದು ಅವಳಿಗೆ ಸಿಟ್ಟೇ ಬಂತು.

ಮೊದಲ ಎರಡು ಮೂರು ದಿನಗಳಾದ ಮೇಲೆ, ಹಾಡುವ ಮುಂಚೆ ಅವನು ಒಮ್ಮೊಮ್ಮೆ ಕೇಳುತ್ತಿದ್ದ, “ನಿನ್ನಿ ಯಾವ್ದಾತು?” ಅವಳು ಹೇಳುತ್ತಿದ್ದಳು. ಅವನು ಮುಂದಿನದನ್ನು ಶುರು ಮಾಡುತ್ತಿದ್ದ.

ಅರ್ಧ ಹಾಡಾಗಿರುವಾಗ ನಿಲಂಗಾದಿಂದ ಫೋನು ಬಂತು. ತಂಗಿ ಮೀನಲಳ ಸಾಖರಪುಡಾ, ನಿಶ್ಚಯದ ಸಕ್ಕರೆ ಹಂಚುವ ದಿನ.

“ಒಂದ್ ದಿನ ಹೋಗಿ ಬರ್ತೀನ್ರಿ ಮಾಮಾ,” ಎಂದಳು ಶೀತಲ.

“ಹಾಡು ನಡುವ ಮುರೀಬಾರ್ದು. ಮಂಗಳ ಆಗೂ ತನಕ ಹೊಸ್ತಲ ದಾಟಬ್ಯಾಡ.”

“ಖಾಸ ತಂಗೀದು ಅದರಿ. ಹೋಗ್ಲಿ ಬಿಡ್ರಿ,” ಎಂದಳು ಅತ್ತೆ ಬಾಳಮ್ಮ.

“ನೀ ಸುಮ್ಕಿರು. ದೇವರಕಿಂತ ಸಕ್ರಿ ದೊಡ್ಡದೇನು?”

ಧನರಾಜ ಪುಂಡಿಪಲ್ಯದಲ್ಲಿ ಬೆರಳಾಡಿಸುತ್ತ ಕೂತ. ಸಾಖರಪುಡಾದ ದಿನ ನಾಗಣ್ಣ ಹಾಡಲೇ ಇಲ್ಲ. ಡೊಳ್ಳಿನ ಚರ್ಮ ಸಡಿಲವಾಗಿದೆಯೆಂದು ತಂಗಿಯ ಮಗ ಸಿದ್ಧೇಶ್ವರನನ್ನು ಕರೆದುಕೊಂಡು ಬೆಳಿಗ್ಗೆಯೇ ಮುರುಮಕ್ಕೆ ಹೋದವನು ಸಂಜೆ ಬಂದ. ಶೀತಲ ಅಂಗಳದಲ್ಲಿ ಬೇಳೆ ಮುಂದಿಟ್ಟುಕೊಂಡು ಫೋನಿನಲ್ಲಿ ಬಂದ ಫೋಟೊಗಳನ್ನು ನೋಡಿದಳು. ಎಲ್ಲ ನೆಂಟರೂ ಇದ್ದರು. ತಾನೊಬ್ಬಳೇ ಇರಲಿಲ್ಲ. ಸಂಜೆ ಅದೇ ಮಾವನಿಗೆ ಬಿಸಿನೀರು ಕಾಸಿ ಕೊಟ್ಟಳು.

ಹನ್ನೆರಡೂ ಸಂಧಿಗಳು ಮುಗಿದ ಮೇಲೆ ಅವಳು ಅವನ್ನು ಫೋನಿನಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿನಿಂದ ಟೇಪಿಗೆ ಇಳಿಸಿದಳು. ದೇವರ ಹಾಡು ಮಂದಿ ಕುಣಿಯುವ ಹಾಡುಗಳ ಜೊತೆ ಕಲೆಯಬಾರದೆಂದು ಬೇರೆ ಫೋಲ್ಡರ್ ಮಾಡಿದಳು. ಒಂದೊಂದು ಸಂಧಿಗೂ ತನಗೆ ಬರುವ ಮರಾಠಿ ಅಕ್ಷರದಲ್ಲಿ ಹೆಸರು ಬರೆದಿದ್ದಳು. ಟೇಪಿಗೆ ಆ ಅಕ್ಷರ ಬರುವುದಿಲ್ಲ, ಬರೀ ಚೌಕ ಚೌಕ ಡಬ್ಬಿಗಳನ್ನು ತೋರಿಸಿತು. ಎಲ್ಲ ಅಳಿಸಿ, ಹುಟ್ಟಿಗೆ 1, ತೊಟ್ಟಿಲಿಗೆ 2, ಹೀಗೆ ಲಗ್ನಕ್ಕೆ 10, ಜಗಳಕ್ಕೆ 11, ಮಂಗಳಕ್ಕೆ 12 ಎಂದು ಅಂಕಿ ಹಾಕಿ ಮತ್ತೆ ಇಳಿಸಿದಳು. ಮೊದಲನೆಯದನ್ನು ನಾಲ್ಕು ಸಾಲು ಹಚ್ಚಿ ನೋಡಿದರು. ಸರಿಯಿತ್ತು.

ಸೋಮವಾರ ನಾಗಣ್ಣ ಬಿಳಿ ಧೋತರ ಉಟ್ಟು ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಗುಡಿಯ ಪೂಜಾರಿ, ಸಿದ್ಧೇಶ್ವರ, ಮೇಳದ ಇನ್ನಿಬ್ಬರು, ಜೊತೆಗೆ ಮುರುಮದ ಸಂತೆಗೆ ಹೊರಟ ಮಂದಿ. ದೇವರ ಹಾಡು ನಡೆಯುವಾಗ ಕಾಲಲ್ಲಿ ಚಪ್ಪಲಿ ಇರಬಾರದೆಂದು ಮುದುಕ ಎಲ್ಲರ ಚಪ್ಪಲಿ ಬಿಡಿಸಿದ. ಇಡಲು ಜಾಗವಿಲ್ಲದೆ ಹೆಂಗಸರು ಚಪ್ಪಲಿಗಳನ್ನು ಚೀಲಕ್ಕೆ ತುಂಬಿ ತೊಡೆಯ ಮೇಲಿಟ್ಟುಕೊಂಡರು. ಅವನು ಟೇಪಿಗೆ ಅರಿಶಿನ ಹಚ್ಚಿ, “ಹಚ್ಚು,” ಎಂದ.

ದೇವರು ಹುಟ್ಟಿದ. ಮಂದಿ ಕೈಮುಗಿದರು. ಹುಟ್ಟು ಮುಗಿದ ಕೂಡಲೇ ಲಗ್ನ ಶುರುವಾಯಿತು.

“ಮಾವಾ, ತೊಟ್ಟಿಲ ಎಲ್ಲಿ ಹೋತು?” ಹಿಂದಿನಿಂದ ಸಿದ್ಧೇಶ್ವರ ಕೇಳಿದ.

ಲಗ್ನದ ಹಿಂದೆ ಜಗಳ ಬಂತು, ಜಗಳದ ಹಿಂದೆ ಮಂಗಳ. ಜೀಪು ಅಲ್ಲಲ್ಲಿ ನಿಂತು ಜನ ತುಂಬಿಕೊಂಡು ಮುರುಮದ ಹತ್ತಿರ ಬರುವ ಹೊತ್ತಿಗೆ ಮಂಗಳವೂ ಮುಗಿದು ತೊಟ್ಟಿಲಿನ ಸಂಧಿ ಎದ್ದಿತು.

“ಮಂಗಳ ಹಾಡಿ ಕಳಿಸಿದ ದೇವರಿಗಿ ಮತ್ತ ತೊಟ್ಟಿಲಾಗ ಹಾಕ್ಯಾರಲ್ಲವ್ವಾ,” ಎಂದಳು ಬದನೆಕಾಯಿಯ ಬುಟ್ಟಿಯವಳು. ಜೀಪೆಲ್ಲ ನಕ್ಕಿತು. ಚಪ್ಪಲಿ ಬಿಡಿಸಿದ ಸಿಟ್ಟೂ ಆ ನಗುವಿನಲ್ಲಿತ್ತು.

“ಮಶೀನ್ ಕೆಟ್ಟದ,” ಎಂದ ನಾಗಣ್ಣ.

“ಮಶೀನಿಗಿ ಹಾಡಾಕ ಬರ್ತದೇನಪ್ಪಾ?” ಧನರಾಜ ರಸ್ತೆ ನೋಡುತ್ತಲೇ ಹೇಳಿದ. “ನೀ ಹ್ಯಾಂಗ ಹಾಡಿದಿ, ಅದು ಹಂಗ ತಿರುಗಿ ಹಾಡ್ತದ.”

ಪೂಜಾರಿಗೆ ಆ ಮಾತು ಸರಿಯೆನಿಸಿತು. ಯಂತ್ರಕ್ಕೆ ಮುಪ್ಪಿಲ್ಲ, ಮರೆವಿಲ್ಲ. ಮನುಷ್ಯನಿಗೆ ಎರಡೂ ಉಂಟು.

ಮನೆಗೆ ಬಂದ ನಾಗಣ್ಣ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಹೋದ.

“ಹಾಡು ಹಿಂದಮುಂದ ಮಾಡೀದಿ ಏನು?”

“ನೀವ್ ಹಾಡಿದಂಗೇ ಹಾಕೀನ್ರಿ,” ಎಂದಳು ಶೀತಲ. ಆಗ ಅವಳಿಗೆ ನಿಜವಾಗಿಯೂ ಅದೇ ಗೊತ್ತಿದ್ದುದು.

“ನಿನಗ ಕನ್ನಡರೆ ತಿಳೀತದೇನು?” ಕೈಗೆ ಸಿಕ್ಕ ತಂಬಿಗೆ ಎಸೆದ. ಅದು ಹಿಟ್ಟಿನ ಡಬ್ಬಿಗೆ ಬಡಿದು ನೀರೆಲ್ಲ ಹಿಟ್ಟಿಗೆ ಬಿತ್ತು.

ಸಂಜೆ ಅವಳು ಜೀಪಿನಲ್ಲಿ ಕೂತು ಟೇಪು ಹಚ್ಚಿ ಅಂಕಿಗಳನ್ನೇ ನೋಡಿದಳು. 1 ಆದ ಮೇಲೆ 10. ಆಮೇಲೆ 11, 12. ಅವಾದ ಮೇಲೆ 2. ಟೇಪು ಅಂಕಿಯನ್ನು ಲೆಕ್ಕದಂತೆ ಓದದೆ ಅಕ್ಷರದಂತೆ ಓದುತ್ತಿತ್ತು. ಒಂದರಿಂದ ಶುರುವಾಗುವ ಹೆಸರುಗಳೆಲ್ಲ ಮೊದಲು, ಎರಡರದು ಆಮೇಲೆ. ತಪ್ಪು ಮುದುಕನದಲ್ಲ, ತನ್ನದು. 01, 02 ಎಂದು ಮುಂದೊಂದು ಸೊನ್ನೆ ಹಚ್ಚಿದ್ದರೆ ಮುಗಿದಿತ್ತು.

ಧನರಾಜ ಬಂದು ಪಕ್ಕದಲ್ಲಿ ಕೂತಾಗ ಅದನ್ನೇ ಹೇಳಿದಳು.

“ಎಷ್ಟೊತ್ತಿನ ಕೆಲಸ?”

“ಚಾ ಕುದಿಯೂದ್ರಾಗ ಆಗ್ತದ.”

ಅವನು ಸ್ಟೇರಿಂಗ್ ಮೇಲಿನ ಅರಿಶಿನ ಒರೆಸಿದ. “ಹಂಗಾದ್ರ ಇರ್ಲಿ ಬಿಡು. ಯಾಡ್ ದಿನ ಆಗ್ಲಿ.”

“ಮಾಮಾ ಖರೇನೇ ಹಾಡ್ಯಾರಲ್ಲರಿ.”

“ನಿನ್ನ ತಂಗಿ ಸಾಖರಪುಡಾನೂ ಖರೇನೇ ಇತ್ತು.”

ಅವಳು ಟೇಪು ಬಂದ್ ಮಾಡಿದಳು. ಇಬ್ಬರೂ ಒಳಗೆ ಹೋದರು. ಅಂದು ನಾಗಣ್ಣ ತಾಟು ಸರಿಸಲಿಲ್ಲ, ರೊಟ್ಟಿಗೆ ಹೆಸರಿಡಲಿಲ್ಲ. ಹಾಕಿದ್ದನ್ನು ತಿಂದು ಕೈತೊಳೆದ. ಮದುವೆಯಾಗಿ ಬಂದ ಮೇಲೆ ಶೀತಲ ನೆಮ್ಮದಿಯಿಂದ ಉಂಡ ಮೊದಲ ಊಟ ಅದು. ಇಂಥ ರುಚಿ ಹತ್ತಿದ ಮೇಲೆ ಯಾರು ತಾನೇ ಬಿಡುತ್ತಾರೆ? ಎರಡು ದಿನ ವಾರವಾಯಿತು, ವಾರ ಹಲವು ವಾರಗಳಾದವು.

ನಾಗಣ್ಣ ಈಗ ಬೆಳಿಗ್ಗೆ ಎದ್ದು ಜೀಪಿನಲ್ಲಿ ಕೂತು ತನ್ನ ಹಾಡನ್ನು ತಾನೇ ಕೇಳತೊಡಗಿದ. ತಾನು ಎಲ್ಲಿ ಎಡವಿದೆನೆಂದು ಹುಡುಕುವುದು ಅವನ ಉದ್ದೇಶ. ಬೆರಳ ಗೆಣ್ಣಿನ ಮೇಲೆ ಸಂಧಿ ಎಣಿಸುವನು. ಒಂದಾದ ಮೇಲೆ ಬೆರಳು ತೊಟ್ಟಿಲಿಗೆ ಹೋದರೆ ಕಿವಿ ಲಗ್ನಕ್ಕೆ ಹೋಗುತ್ತಿತ್ತು. ಸ್ಟ್ಯಾಂಡಿನಲ್ಲಿ ಪಾನಪಟ್ಟಿಯವರು, “ನಾಗಣ್ಣ ಕಾಕಾ, ಇವತ್ತು ದೇವರ ಲಗ್ನ ಮೊದಲ ಏನು ಹುಟ್ಟು ಮೊದಲ?” ಎಂದು ಕೇಳುವರು. ಧನರಾಜ ನಕ್ಕು ಧ್ವನಿ ಏರಿಸುವನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಗನ ಕೆನ್ನೆಯ ಹಳೆಯ ಪೆಟ್ಟು ದಿನವೂ ಸ್ವಲ್ಪ ಸ್ವಲ್ಪ ಆರುತ್ತಿತ್ತು.

ಒಂದು ಮಧ್ಯಾಹ್ನ ಮುದುಕ ಸೊಸೆಯ ಮುಂದೆ ಬಂದು ನೆಲದ ಮೇಲೆ ಕೂತ. ಹಾಗೆ ಎಂದೂ ಕೂತವನಲ್ಲ.

“ಖರೇ ಹೇಳು. ಹಾಡೂವಾಗ ನನಗ ನೆನಪಿರ್ತಿತ್ತೋ ಇಲ್ಲೋ?”

ಶೀತಲ ಮೊರ ಕೇರುತ್ತಲೇ ಹೇಳಿದಳು, “ಒಮ್ಮೊಮ್ಮೆ ನಿನ್ನಿ ಯಾವ್ದಾತು ಅಂತ ನನಗ ಕೇಳ್ತಿದ್ರಿ ಮಾಮಾ.”

ಮಾತು ಸುಳ್ಳಾಗಿರಲಿಲ್ಲ. ನಾಗಣ್ಣ ತಲೆಯಾಡಿಸಿದ. “ಹೌದು. ಕೇಳ್ತಿದ್ದೆ,” ಎಂದ. ಗೋಡೆ ಹಿಡಿದು ಎದ್ದು ಹೊರಗೆ ಹೋದ.

ಬಾಳಮ್ಮನೊಬ್ಬಳೇ ಒಪ್ಪಲಿಲ್ಲ. ಸಿದ್ಧೇಶ್ವರ ಮನೆಗೆ ಬಂದಾಗ ಹೊಸ್ತಿಲಲ್ಲೇ ತಡೆದಳು. “ಲಗ್ನಾದಾಗಿಂದ ಕೇಳೀನಿ. ಒಂದ್ ಸಲ ತಪ್ಪಿಲ್ಲ ಅವರು. ಯಾಕ್ ಬೆನ್ನ ಹತ್ತೀರಿ?”

“ನಾ ಎಲ್ಲಿ ಹತ್ತೀನಿ ಅತ್ತಿ? ವಯಸ್ಸಾತಲ್ಲ. ಪೂಜಾರಿ ಹೇಳ್ಯಾನ, ಐತಾರ ಗುಡಿಗಿ ಬಂದು ಒಮ್ಮಿ ಹಾಡಿ ತೋರಿಸ್ಲಿ ಅಂತ. ತೋರಿಸಿದ್ರ ಮುಗೀತು.”

“ಆಕಿಗಿ ಕೇಳಬ್ಯಾಡ, ನನಗ ಕೇಳು,” ಒಳಗಿನಿಂದ ನಾಗಣ್ಣ ಹೇಳಿದ. “ಬರ್ತೀನಿ.”

ಭಾನುವಾರ ಬಿಸಿಲೇರುವ ಮುಂಚೆಯೇ ಗುಡಿಯ ಕಟ್ಟೆ ತುಂಬಿತ್ತು. ಸೋಯಾಬೀನ್ ಕೊಯ್ಲು ಬಿಟ್ಟು ಬಂದವರೂ ಇದ್ದರು. ಮುದುಕನೊಬ್ಬ ಬೀಳುವುದನ್ನು ನೋಡಲು ಜನಕ್ಕೆ ಯಾವಾಗಲೂ ಪುರುಸೊತ್ತು ಇರುತ್ತದೆ. ನಾಗಣ್ಣ ಕಂಬಳಿ ಹೊದ್ದು ಹುಟ್ಟಿನ ಸಂಧಿ ಎತ್ತಿಕೊಂಡ. ಧ್ವನಿ ಗಟ್ಟಿಯಾಗಿತ್ತು, ಒಂದಕ್ಷರ ಸಡಿಲವಿರಲಿಲ್ಲ. ಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಧಿ ಮುಗಿಯಿತು. ಡೊಳ್ಳು ನಿಂತು ಮುಂದಿನದಕ್ಕೆ ಕಾಯಿತು. ನಾಗಣ್ಣ ಬಾಯಿ ತೆರೆದ. ಬಂದದ್ದು ಲಗ್ನದ ಮೊದಲ ಸಾಲು.

ಅವನಿಗೇ ಕೇಳಿಸಿತು. ನಿಲ್ಲಿಸಿ, “ಅಲ್ಲಲ್ಲ,” ಎಂದ. ತೊಟ್ಟಿಲಿನ ಸಾಲು ಹಿಡಿಯಲು ನೋಡಿದ, ನಡುವೆ ಜಗಳದ ಸಾಲು ಬಂದು ಸೇರಿತು. ಹೆಂಗಸರ ಸಾಲಿನಲ್ಲಿ ಶೀತಲ ನಿಂತಿದ್ದಳು. ‘ತೊಟ್ಟಿಲ’ ಎಂದು ಒಂದು ಮಾತು ಕೂಗಿದ್ದರೂ ಸಾಕಿತ್ತು. ಅವಳು ಸೆರಗು ಸರಿಮಾಡಿಕೊಂಡಳು. ಯಾರೂ ಕೇಳುವ ಮುಂಚೆ ನಾಗಣ್ಣ ತಾನೇ ಕಂಬಳಿ ಇಳಿಸಿ ಸಿದ್ಧೇಶ್ವರನ ಹೆಗಲಿಗೆ ಹೊದಿಸಿದ. ಅದು ಎರಡು ಸಲ ಜಾರಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇವನ ಮಾನ ಅಡಿಕೆಗೂ ಹೋಗಲಿಲ್ಲ, ಒಂದು ಸೊನ್ನೆಗೆ ಹೋಯಿತು.

ನಾಲ್ಕು ದಿನ ಬಿಟ್ಟು ಸಿದ್ಧೇಶ್ವರ, ನಾಗಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅತ್ತಿಗೆಯ ಹತ್ತಿರ ಬಂದ. ಹಿಂದೆ ನಿಂತು ದನಿಗೂಡಿಸಿ ಕಲಿತವನಿಗೆ ಪೂರ್ತಿ ಬರುತ್ತಿದ್ದುದು ಅರ್ಧ ಸಂಧಿಗಳು ಮಾತ್ರ.

“ವೈನಿ, ಮಾವನ ಹಾಡು ನನ್ನ ಫೋನಿಗಿ ಹಾಕಿ ಕೊಡು. ಸಾಲಾಗಿ ಹಾಕು, ಮತ್ತ ಹಿಂದಮುಂದ ಬ್ಯಾಡ.”

ಶೀತಲ ಅವನೆದುರೇ ಕೂತು ಒಂದೊಂದು ಹೆಸರಿನ ಮುಂದೆಯೂ ಸೊನ್ನೆ ಹಚ್ಚಿದಳು. ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ದೇವರ ಬಾಳು ಸಾಲಿಗೆ ಬಂತು. ಸಿದ್ಧೇಶ್ವರ ದಡ್ಡನಲ್ಲ.

“ಹಂಗಾದ್ರ ಮಾವ ತಪ್ಪು ಹಾಡಿದ್ದೇ ಇಲ್ಲ?”

“ಇಲ್ಲ.”

ಅವನು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ. “ಗುಡ್ಯಾಗ ಹಾಡಿದ್ದಂತೂ ತಪ್ಪಾತಲ್ಲ. ಎಲ್ಲಾರೂ ಕೇಳ್ಯಾರ. ಈಗ ಹೇಳಿ ಏನು ಉಪಯೋಗ? ಸುಮ್ಕ ಮನಿಯಾಗ ಜಗಳ.” ಹೋಗುವಾಗ ಬಾಗಿಲಲ್ಲಿ ತಿರುಗಿ, “ವೈನಿ, ಟೇಪಿನಾಗೂ ಸರಿ ಮಾಡಿ ಬಿಡು. ದೇವರದು ಅದಲ್ಲ,” ಎಂದ.

ಅಮಾವಾಸ್ಯೆಗೆ ಸಿದ್ಧೇಶ್ವರ ಹಾಡಿದ. ಪೇಟದ ಅಂಚಿನಡಿ ಒಂದು ಕಿವಿಗೆ ಸಣ್ಣ ವೈರು ಇಳಿದಿತ್ತು, ಅದರೊಳಗೆ ನಾಗಣ್ಣ ಒಂದು ಸಾಲು ಮುಂದೆ ಮುಂದೆ ಹಾಡಿ ಕೊಡುತ್ತಿದ್ದ. ನಾಗಣ್ಣ ಮಾತ್ರ ಕಟ್ಟೆಯ ಕೊನೆಯಲ್ಲಿ, ಕಟ್ಟಳೆಯಂತೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಮರುದಿನ ಊಟಕ್ಕೆ ಕೂತಾಗ, “ಹುಡುಗ ಬರೋಬರ್ ಹಾಡ್ದ,” ಎಂದು ತಾನಾಗಿ ಹೇಳಿದ. ಧನರಾಜ ಇನ್ನೊಂದು ರೊಟ್ಟಿ ಕೇಳಿದ.

ತುಳಸಿ ಲಗ್ನ ಕಳೆದ ಮೇಲೆ ಮೀನಲಳ ಮದುವೆ ಬಂತು. ಈ ಸಲ ಶೀತಲ ಯಾರನ್ನೂ ಕೇಳಲಿಲ್ಲ. ಹೋಗುವ ದಿನ ಹೇಳಿದಳು, ಎಲ್ಲರೂ ತಯಾರಾದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬಾಳಮ್ಮ ತನ್ನ ಕಾಲವನ್ನು ಕಾಣದೆಯೇ ಸೊಸೆಯ ಪಕ್ಕದಲ್ಲಿ ಲಾಡುವಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಉಮರ್ಗಾ ದಾಟಿ ಜೀಪು ನಿಲಂಗಾದ ರಸ್ತೆಗೆ ತಿರುಗಿದಾಗ ಕಂಬಳಿ ಇಳಿಸಿದ ಮೇಲೆ ಟೇಪು ಮುಟ್ಟದಿದ್ದ ನಾಗಣ್ಣ ಮುಂದಿನ ಸೀಟಿನಿಂದ ಕೇಳಿದ, “ಟೇಪ್ ಹಚ್ಚಲೇನಪ್ಪಾ? ನಿನಗ ತ್ರಾಸ ಇಲ್ಲಂದ್ರ.”

ಧನರಾಜ ಹಚ್ಚಿದ. ಹುಟ್ಟಿನ ಸಂಧಿ ನಡೆದಷ್ಟು ಹೊತ್ತು ಮುದುಕ ಎರಡೂ ಕೈಯಿಂದ ಮೊಣಕಾಲು ಹಿಡಿದಿದ್ದ. ಅದು ಮುಗಿದಾಗ ಕಣ್ಣು ಮುಚ್ಚಿದ, ಲಗ್ನ ಬರುತ್ತದೆಂದು. ತೊಟ್ಟಿಲು ಬಂತು. ಅದರ ಹಿಂದೆ ಮೂರನೆಯದು, ನಾಲ್ಕನೆಯದು. ಅವನು ನಿಧಾನವಾಗಿ ಹಿಂದಕ್ಕೆ ತಿರುಗಿದ.

“ಬರೋಬರ್ ಅದಲ್ಲ ಈಗ. ಯಾರು ಮಾಡಿದ್ರು?”

ಧನರಾಜ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ.

“ನಾನೇ ಮಾಡೀನ್ರಿ ಮಾಮಾ,” ಎಂದಳು ಶೀತಲ.

“ನಾ ಹಾಡಿದ ತಪ್ಪೆಲ್ಲಾ ನೀ ಕುಂತು ತಿದ್ದಿದೇನು?”

ಜೀಪು ಒಂದು ಕಬ್ಬಿನ ಗಾಡಿಯನ್ನು ಹಿಂದೆ ಹಾಕಿತು. ಆಮೇಲೆ, “ಹೌದ್ರಿ,” ಎಂದಳು ಶೀತಲ.

ನಾಗಣ್ಣ ಸೀಟಿನ ಮೇಲಿಂದ ಅವಳಿಗೆ ಕೈ ಮುಗಿದ. “ನಾ ಹೋದ ಮ್ಯಾಲ ಮಂದಿ ಇದು ಕೇಳ್ತಾರ. ತಪ್ಪೇ ಉಳೀತಿತ್ತು ನಂದು. ನನ್ನ ಮಾನ ಉಳಿಸಿದಿ ತಾಯಿ.”

ಆ ಮನೆಗೆ ಬಂದಾಗಿನಿಂದ ಅವಳಿಗೆ ಮಾವನ ಬಾಯಿಂದ ಸಿಕ್ಕ ಮೊದಲ ಒಳ್ಳೆಯ ಮಾತು ಅದು. ಬಾಳಮ್ಮನ ಕಣ್ಣು ತುಂಬಿತ್ತು, ಸೊಸೆಯ ಬೆನ್ನು ನೇವರಿಸಿದಳು. ಶೀತಲ ಮುಂದಕ್ಕೆ ಬಾಗಿ ಮಾವನ ಮುಗಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

“ಇರ್ಲಿ ಬಿಡ್ರಿ ಮಾಮಾ,” ಎಂದಳು. “ವಯಸ್ಸಾದ ಮ್ಯಾಲ ಯಾರಿಗಾದ್ರೂ ಹಿಂಗ ಆಗ್ತದ.”